ಉಸಿರು ತಪ್ಪಿದ ಜಾಗ

ಫೋನಿಗೆ ಬಂದ ಸಂದೇಶವನ್ನು ಧ್ವನಿ ಭಂಡಾರದ ಉಸ್ತುವಾರಿ ಅಕ್ಕ ಮೂರನೇ ಸಲ ಹಾಕಿ ಕೇಳಿದಳು. ಬಾಯಿಗೆ ಬಟ್ಟೆ ಹಿಡಿದು ಆಡಿದ ದನಿ: "ಅಹ್ಕಾ, ದೊಹ್ಡ ಪೆಹ್ಟಿಗೆ ಸುಡು. ಇಲ್ದಿದ್ರೆ ಅಹ್ಪ ಬರಲ್ಲ."

ಅವಳು ಮನೆಯಲ್ಲಿ ಮರೆತಿದ್ದ ಕನ್ನಡಕ ಕೊಡಲು ಭಂಡಾರಕ್ಕೆ ಬಂದ ಅಪ್ಪ ಕಾಣೆಯಾಗಿ ಎರಡು ಗಂಟೆಯಾಗಿತ್ತು. ಅವಳ ಮೇಜಿನ ಮೇಲೆ ಕನ್ನಡಕದ ಪಕ್ಕದಲ್ಲೇ ಅವರ ಉಬ್ಬಸದ ಪಂಪೂ ಉಳಿದಿತ್ತು. ಅದಿಲ್ಲದೆ ಅವರು ಸಂಜೆ ಕಾಣುವುದು ಅನುಮಾನ. ರಿಪೇರಿಯೆಂದು ಅಲ್ಲಿನ ಸಂಶೋಧಕ ಬೀಗ ಹಾಕಿದ್ದ ರೆಕಾರ್ಡಿಂಗ್ ಕೋಣೆ ಬಿಟ್ಟು ಎಲ್ಲೆಡೆ ಹುಡುಕಿದ್ದಾಗಿತ್ತು. ದೊಡ್ಡ ಪೆಟ್ಟಿಗೆಯಲ್ಲಿದ್ದದ್ದು ಭಂಡಾರದ ಕಾವಲುಗಾರನ ತಾಯ್ನುಡಿಯ ಟೇಪುಗಳು, ಬೇರೆಲ್ಲೂ ಸಿಗದವು. ಸುಟ್ಟೇಬಿಡೋಣ ಎಂದು ಅವಳು ಬೆಂಕಿಪೊಟ್ಟಣ ಹಿಡಿದಿದ್ದಳು.

"'ಅಹ್ಕ' ಅನ್ನೋನು ಇಲ್ಲಿ ಒಬ್ನೇ," ಎಂದ ಸಂಶೋಧಕ, ಕಾವಲುಗಾರನತ್ತ ಬೆರಳು ತೋರಿ. ಆ ಭಾಷೆಯ ಮೇಲೇ ಪ್ರಬಂಧ ಬರೆದಿದ್ದವನು. "ಪೊಲೀಸರನ್ನ ಕರೀರಿ."

ಕಾವಲುಗಾರ ಬೆವೆತುಹೋದ. "ನಾನಲ್ಲ ಅಹ್ಕಾ! ನಿಮ್ಮ ಅಹ್ಪ ನನಗೂ ದೊಡ್ಡೋರೇ."

ಅವಳು ಅವನ ಮುಖ ನೋಡಲಿಲ್ಲ. ನಂಬಿಕೆ ಹೊರಟುಹೋಗಿತ್ತು.

ಅಷ್ಟರಲ್ಲಿ ಮಾಳಿಗೆಯಿಂದ ಕಿವಿ ಮೇಷ್ಟ್ರು ಇಳಿದು ಬಂದರು. ದನಿಯಿಂದಲೇ ಕಳ್ಳರನ್ನು ಹಿಡಿಯುವ ಈ ಮುದುಕರಿಗೆ ಹತ್ತು ವರ್ಷದಿಂದ ಅವಳೇ ಬಲಗೈ. ಸಂದೇಶವನ್ನು ಎರಡು ಸಲ ಕೇಳಿ, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ನಮ್ಮ 'ಖ'ದಲ್ಲಿ ಉಸಿರು 'ಕ' ಆದ್ಮೇಲೆ ಬರುತ್ತೆ. ಲೋಕದ ಕೆಲವೇ ಭಾಷೆಗಳಲ್ಲಿ ಅದು ಮುಂಚೇನೇ ನುಗ್ಗುತ್ತೆ. ಇವನ ತಾಯ್ನುಡಿ ಅಂಥದ್ದು, ಆ ರೂಢಿ ಇವನ ಕನ್ನಡಕ್ಕೂ ಬಂದಿದೆ. ಆದ್ರೆ ಕ್ಕ, ಟ್ಟ, ಪ್ಪದಂಥ ಗಟ್ಟಿ ಒತ್ತಕ್ಷರಕ್ಕೆ ಮಾತ್ರ. ಗ್ಗ, ಡ್ಡ, ಬ್ಬಕ್ಕೆ ಇಲ್ಲ. ಈಗ ತಾನೇ 'ದೊಡ್ಡೋರು' ಅಂದ, ಉಸಿರು ಬಂತಾ? ಫೋನಿನೋನು 'ದೊಹ್ಡ' ಅಂದಿದ್ದಾನೆ. ಅದು ಅಣಕ."

"ಯಾರದು ಮೇಷ್ಟ್ರೇ?" ಅವಳು ಬೆಂಕಿಪೊಟ್ಟಣ ಕೆಳಗಿಟ್ಟಳು.

"ಒತ್ತಕ್ಷರ ಯಾವುದಾದ್ರೂ ಮುಂಚೆ ಉಸಿರು ಬರುತ್ತೆ ಅಂತ ನಂಬಿರೋನು ಒಬ್ನೇ. " ಮೇಷ್ಟ್ರು ಸಂಶೋಧಕನತ್ತ ತಿರುಗಿದರು. "ನಿನ್ನ ಪ್ರಬಂಧ ಓದಿದೀನಿ ಕಣಪ್ಪಾ. ಈ ಟೇಪು ಉಳಿದ್ರೆ ಅದು ಸುಳ್ಳಾಗುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಸಂಶೋಧಕನ ಕೈ ಜೇಬಿಗೆ ಹೋಯಿತು.

"ಸಂದೇಶದಲ್ಲಿ ಚೂರೂ ಪ್ರತಿಧ್ವನಿ ಇಲ್ಲ. ಕೂಗಿದ್ರೂ ಹೊರಗೆ ಕೇಳದ ಕೋಣೆ ಇಲ್ಲಿರೋದು ಒಂದೇ. ತೆಗಿ ಕೀಲಿಕೈ."

ರೆಕಾರ್ಡಿಂಗ್ ಕೋಣೆಯ ಬಾಗಿಲು ತೆರೆದಾಗ ಅಪ್ಪ ನೆಲದ ಮೇಲಿದ್ದರು, ತುಟಿ ನೀಲಿಗಟ್ಟಿತ್ತು. ಅವಳ ಬೆರಳು ಪಂಪು ಒತ್ತಲಾರದಾದವು. ಕಾವಲುಗಾರನೇ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಂಪು ಒತ್ತಿದ. "ಎಳ್ಕೊಳ್ಳಿ ಅಹ್ಪಾ, ಎಳ್ಕೊಳ್ಳಿ."

ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದ. ಆಮೇಲೆ ಅಪ್ಪನ ಎದೆ ಸುಯ್ಯೆಂದಿತು.

"ಪುಹ್...ಟ್ಟಿ," ಎಂದರು ಮಗಳನ್ನು ನೋಡಿ.

ಅಪ್ಪನ ಬಾಯಲ್ಲೂ 'ಟ್ಟ'ಕ್ಕೆ ಮುಂಚೆ ಉಸಿರು ಬಂದಿತ್ತು; ಅದರ ನಿಯಮವನ್ನು ಮೇಷ್ಟ್ರು ವಿವರಿಸಲಿಲ್ಲ. ಅವಳು ಕಾವಲುಗಾರನ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತು ಅಣ್ಣಾ," ಎಂದು ಅತ್ತುಬಿಟ್ಟಳು.