ಕೆರೆಯ ಗೂಡಿನ ಮೊಟ್ಟೆಗಳು

ಸೋಮವಾರ ಬೆಳಗ್ಗೆ ಮೊಸಳೆ ಸಾಕಣೆ ಕೇಂದ್ರದ ವೈದ್ಯೆ ಠಾಣೆಗೆ ಬಂದು ದೂರು ಕೊಟ್ಟರು. ಮರಿ ಮಾಡಿಸಲು ಬೆಚ್ಚಗಿಟ್ಟಿದ್ದ ಮೊಟ್ಟೆಗಳ ಒಂದು ತಟ್ಟೆ ಕಳುವಾಗಿತ್ತು. ಮೊಸಳೆ ಮೊಟ್ಟೆಗೂ ಕಳ್ಳರು ಹುಟ್ಟಿಕೊಂಡರಲ್ಲ ಎಂದು ಹೆಡ್ ಕಾನ್‌ಸ್ಟೆಬಲ್ ಮೀಸೆಯಡಿ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದರು.

ಕೇಂದ್ರದ ಬೀಗ ಹಾಗೆಯೇ ಇತ್ತು. ಹಿಂಬದಿ ಕಿಟಕಿಯ ಸರಳು ಬಗ್ಗಿತ್ತು. ಉಳಿದ ಮೊಟ್ಟೆಗಳ ನೆತ್ತಿಯ ಮೇಲೆಲ್ಲ ಪೆನ್ಸಿಲ್ ಗೆರೆ. ಮೊಟ್ಟೆ ಮಗುಚಿಬಿದ್ದರೆ ಒಳಗಿನ ಜೀವ ಸಾಯುತ್ತದೆ, ಮೇಲ್ಭಾಗ ತಿಳಿಯಲೆಂದು ಆ ಗುರುತು ಎಂದರು ವೈದ್ಯೆ.

"ಇದನ್ನ ಕದ್ದು ಯಾರಿಗೇನು ಲಾಭ?" ಎಂದರು ಇನ್‌ಸ್ಪೆಕ್ಟರ್.

ವೈದ್ಯೆ ಕೆರೆಯಾಚೆಗಿನ ಬಣ್ಣದ ಕಾರ್ಖಾನೆಯತ್ತ ನೋಡಿದರು. ಅದರ ಕೊಳಚೆ ಕೆರೆಗೆ ಬಿದ್ದಾಗಿನಿಂದ ಗಂಡು ಮೊಸಳೆಗಳ ಬೀಜ ಕುಗ್ಗಿತ್ತು. ಹೆಣ್ಣು ಮೊಟ್ಟೆ ಇಟ್ಟರೂ ಒಳಗೆ ಜೀವ ಕಟ್ಟುತ್ತಿರಲಿಲ್ಲ. ವರ್ಷಗಳಿಂದ ಕೆರೆಯಲ್ಲಿ ಒಂದು ಮರಿಯೂ ಕಂಡಿರಲಿಲ್ಲ. ಈ ಸಲ ಮಾಲಿನ್ಯ ನಿಯಂತ್ರಣ ಮಂಡಳಿಯವರು ಕೆರೆಯ ಗೂಡು ಪರೀಕ್ಷಿಸಿ, ಕಾರ್ಖಾನೆ ಮುಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವವರಿದ್ದರು.

ಕದ್ದ ಮೊಟ್ಟೆ ತಂದಿಟ್ಟು ಗೂಡಿನಲ್ಲಿ ಮರಿಯಾದರೆ ಕಾರ್ಖಾನೆ ಬಚಾವು. ಮ್ಯಾನೇಜರನ ಕೈಗೆ ಕೋಳ ತೊಡಿಸುವ ಉತ್ಸಾಹದಲ್ಲೇ ಇನ್‌ಸ್ಪೆಕ್ಟರ್ ಕೆರೆಗೆ ಹೊರಟರು.

ಕೆರೆಯ ಕಾವಲುಗಾರ, ನರೆತ ಗಡ್ಡದ ಗಟ್ಟಿ ಆಳು, ತಾಯಿ ಮೊಸಳೆಯನ್ನು ಉದ್ದನೆಯ ಗಳುವಿನಿಂದ ನೀರಿಗಿಳಿಸಿ ದಾರಿ ಮಾಡಿಕೊಟ್ಟ. ಪಂಚರ ಎದುರು ಗೂಡು ಕೆದರಿದರು. ಮೊಟ್ಟೆಗಳನ್ನು ಯಾರೋ ಉಜ್ಜಿ ಒರೆಸಿದ್ದರು, ಆದರೂ ಕೆಲವಕ್ಕೆ ಪೆನ್ಸಿಲ್ ಗೆರೆ ಅಂಟಿಕೊಂಡೇ ಇತ್ತು. ಗೆರೆಗಳು ದಿಕ್ಕಿಗೊಂದರಂತೆ ಇದ್ದವು. ಒಂದನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯೆ ಕೆಳಗಿಟ್ಟರು. ಇನ್ನೊಂದು, ಮತ್ತೊಂದು. ಎಲ್ಲವೂ ಸತ್ತಿದ್ದವು.

ಆ ತಾಯಿಯನ್ನು ದಾಟಿ ಗೂಡಿಗೆ ಕೈಹಾಕಬಲ್ಲವನು ಒಬ್ಬನೇ. ಕಾವಲುಗಾರನ ಕೊಟ್ಟಿಗೆ ಶೋಧಿಸಿದಾಗ ಹುಲ್ಲಿನಡಿ ಕೇಂದ್ರದ ತಟ್ಟೆ ಸಿಕ್ಕಿತು. ಪಂಚನಾಮೆ ಮುಗಿಯಿತು.

"ಮ್ಯಾನೇಜರ್ ಹೇಳಿ ಮಾಡಿಸಿದ್ನಾ?"

"ಇಲ್ಲ ಸಾರ್. ಅವ್ರ ಮುಖಾನೂ ನೋಡಿಲ್ಲ."

"ಮತ್ಯಾರಿಗೋಸ್ಕರ?"

"ಸೊಸೆಗೋಸ್ಕರ."

ಇನ್‌ಸ್ಪೆಕ್ಟರ್ ಹೇಳಿಕೆ ಬರೆಸಿಕೊಂಡರು. ಮನೆಯವರು ಕುಡಿಯುವುದು ಕೆರೆಯ ಪಕ್ಕದ ಬಾವಿಯ ನೀರು. ಸೊಸೆಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಈಗ ಮತ್ತೆ ಐದು ತಿಂಗಳು. ಗೂಡು ಮರಿಯಿಲ್ಲದೆ ಬರಿದಾಗುವುದನ್ನು ಅವಳೂ ವರ್ಷ ವರ್ಷ ಕಂಡವಳೇ. ಮೊಸಳೆಗೇ ನಿಲ್ಲದ್ದು ನನಗೆ ನಿಲ್ಲುತ್ತಾ ಮಾವ ಎಂದು ಅನ್ನ ನೀರು ಬಿಟ್ಟು ಕೂತಿದ್ದಳು. ಕೆಲಸದ ಜೊತೆ ಬಂದ ಈ ಮನೆ ಬಿಟ್ಟರೆ ಅವರಿಗೆ ಬೇರೆ ನೆಲೆಯಿರಲಿಲ್ಲ. ಮರಿಗಳನ್ನು ಕಣ್ಣಾರೆ ಕಂಡರೆ ಹುಡುಗಿಗೆ ಜೀವ ಬಂದೀತೆಂದು ಮುದುಕ ಗೂಡಿನ ಜೊಳ್ಳು ಮೊಟ್ಟೆಗಳನ್ನು ತೆಗೆದೆಸೆದು, ಕೇಂದ್ರದಿಂದ ಕದ್ದವನ್ನು ಅಲ್ಲಿಟ್ಟಿದ್ದ. ಮಗುಚಬಾರದೆಂದು ಅವನಿಗೆ ಗೊತ್ತಿರಲಿಲ್ಲ.

ಜೀಪು ಹತ್ತಿಸುವಾಗ ಸೊಸೆ ಹೊಸ್ತಿಲಿಗೆ ಬಂದಳು.

"ಅದ್ರಲ್ಲಿ ಒಂದಾದ್ರೂ ನಮ್ಮ ಕೆರೇದಿತ್ತಾ ಸಾರ್?"

ಇನ್‌ಸ್ಪೆಕ್ಟರ್ ಸುಳ್ಳು ಹೇಳಬಹುದಿತ್ತು. "ಇಲ್ಲಮ್ಮ" ಎಂದರು.

ಅವಳು ತಲೆಯಾಡಿಸಿದಳು. "ಮಾವನಿಗೆ ಹೊಡೀಬೇಡಿ" ಎಂದು ಒಳಗೆ ಹೋದಳು.

ಸಂಜೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಬಂಧನದ ವರದಿ ಬರೆದರು. ಆರೋಪಿ ಒಬ್ಬ, ಕಳವಿನ ಮಾಲು ವಶ, ಉದ್ದೇಶ ಸೊಸೆಗೆ ಧೈರ್ಯ ತುಂಬುವುದು. ಕಾರ್ಖಾನೆಯ ಮಾತು ಈ ಪ್ರಕರಣದಲ್ಲಿ ಎಲ್ಲಿಯೂ ಬರುವಂತಿರಲಿಲ್ಲ. ಸಹಿ ಹಾಕಿ ಕಡತವನ್ನು ಹೆಡ್ ಕಾನ್‌ಸ್ಟೆಬಲ್‌ಗೆ ಕೊಟ್ಟರು.