ಕಾಲು ನಡುಗುತ್ತಲೇ ಹೋದವಳು

“ಏನೇ ಅದು, ನಿನ್ನ ಮುಷ್ಟೀಲಿ?”

ಮರ್ಡೀನಾ ಮುದುಕಿಯ ಕಣ್ಣು ಹೋಗಿ ಏಳು ವರ್ಷವಾಗಿತ್ತು. ಆದರೆ ಕಿವಿ? ಅಬ್ಬಾ! ಒಲೆಯ ಮೇಲಿನ ಪಾತ್ರೆ ಕುದಿಯುವ ಸದ್ದಿನಿಂದಲೇ ಆಲೂಗಡ್ಡೆ ಬೆಂದಿದೆಯೋ ಇಲ್ಲವೋ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ ಹೆಂಗಸು ಅವಳು. ದಿನಾ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತರುವ ಸೊಸೆ ಇವತ್ತು ಒಂದೇ ಕೈಯಲ್ಲಿ ಇಟ್ಟದ್ದು ಅವಳಿಗೆ ತಿಳಿಯದೆ ಹೋದೀತೇ? ಥಟ್ಟನೆ ಕೈ ಚಾಚಿ ಡೊಲಿನಾಳ ಮಣಿಕಟ್ಟು ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯಲ್ಲಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು ಅಗಲದ, ಚೌಕನೆಯ ಸೀಸದ ಬಿಲ್ಲೆ!

ಕರ್ತನ ಭೋಜನದ ವಾರ; ಕರ್ತನ ಮರಣದ ನೆನಪಿಗೆ ಚರ್ಚಿನಲ್ಲಿ ರೊಟ್ಟಿ ಹಂಚಿಕೊಳ್ಳುವ ವಾರ. ದ್ವೀಪದ ಆಚೆ ತುದಿಯ ಊರುಗಳಿಂದ ಹನ್ನೊಂದು ಜನ ನೆಂಟರು ಬಂದು ಇಳಿದಿದ್ದರು. ವಿಶ್ರಾಂತಿಯ ದಿನವಾದ ಭಾನುವಾರ ಚಾಕು ಮುಟ್ಟುವಂತಿಲ್ಲವೆಂದು ನಾಳೆಯ ಆಲೂಗಡ್ಡೆಯನ್ನೂ ಶನಿವಾರವೇ ಸುಲಿದು ನೀರಿಗೆ ಹಾಕುತ್ತಿದ್ದರು. ಬಿಲ್ಲೆ ಕಂಡದ್ದೇ ತಡ, ಎಲ್ಲರ ಕೈಯೂ ನಿಂತಿತು.

ನಮ್ಮೂರಿನಲ್ಲಿ ಚರ್ಚಿಗೆ ಹೋಗದ ಮನೆಯೇ ಇಲ್ಲ. ಆದರೆ ಕರ್ತನ ಮೇಜಿಗೆ ಹೋಗಿ ರೊಟ್ಟಿ ಮುರಿಯುವವರು ಬೆರಳೆಣಿಕೆಯಷ್ಟು ಮಂದಿ. ಸಭಾಹಿರಿಯರ ಮುಂದೆ ನಿಂತು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಆ ಬಿಲ್ಲೆ ಪಡೆಯಬೇಕು. ಉಳಿದವರು ಹಿಂದಿನ ಬೆಂಚುಗಳಲ್ಲಿ ಕೂತು ನೋಡುತ್ತಾರೆ. ನಾನಿನ್ನೂ ಯೋಗ್ಯನಾಗಿಲ್ಲ, ಮುಂದಿನ ವರ್ಷ ನೋಡೋಣ ಎಂದುಕೊಳ್ಳುತ್ತಾರೆ. ಹಾಗೆ ಎಂದುಕೊಳ್ಳುತ್ತಲೇ ಮಣ್ಣಿಗೆ ಹೋಗುತ್ತಾರೆ. ಕೀರ್ತನೆಗಳೆಲ್ಲ ಬಾಯಿಗೆ ಬರುವ, ಸುಳ್ಳು ಹೇಳದ, ಒಂದು ಭಾನುವಾರವೂ ಚರ್ಚು ತಪ್ಪಿಸದ ಮರ್ಡೀನಾ ಕೂಡ ಐವತ್ತೊಂದು ವರ್ಷದಿಂದ ಹಿಂದಿನ ಬೆಂಚಿನಲ್ಲೇ ಇದ್ದಳು. ಅದನ್ನೇ ಊರು ದೊಡ್ಡ ಭಕ್ತಿ ಎಂದು ಹೊಗಳುತ್ತಿತ್ತು.

ಡೊಲಿನಾಳದು ಬೇರೆಯೇ ಕಥೆ. ಅವಳ ತಾಯಿ ಪೆಗಿ ದೂರದ ಬಂದರಿಗೆ ಮೀನು ಸೀಳುವ ಕೆಲಸಕ್ಕೆ ಹೋದವಳು, ಬಸುರಿಯಾಗಿ ಹಿಂದಿರುಗಿದ್ದಳು. ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿಯೇ ಮನುಷ್ಯರನ್ನು ಗುರುತಿಸುವ ನಮ್ಮೂರಿನಲ್ಲಿ ಹೇಳಲು ಹೆಸರೇ ಇಲ್ಲದ ಕೂಸು! ಮರ್ಡೀನಾಳ ಮಗ ಟಾರ್ಕ್ವಿಲ್ ಅವಳನ್ನು ಇಷ್ಟಪಟ್ಟು ಮದುವೆಯಾಗಿ ಹದಿನೆಂಟು ವರ್ಷವಾಗಿದ್ದರೂ ಅತ್ತೆ ಸೊಸೆಯನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಪೆಗಿಯ ಹುಡುಗಿ’, ಅಷ್ಟೇ. ಇವಳೋ, ಅತ್ತೆಯ ತಲೆ ಬಾಚಿ, ಕಾಲು ತೊಳೆದು, ತುತ್ತು ಮಾಡಿ ತಿನ್ನಿಸಿ, ಒಂದೇ ಒಂದು ‘ಭೇಷ್’ಗಾಗಿ ಕಾದು ಕೂತಿದ್ದಳು ಪಾಪ...

“ಹಿರಿಯರು ಇದನ್ನ ನಿನಗೆ ಕೊಟ್ರಾ?” ಮರ್ಡೀನಾ ಬಿಲ್ಲೆಯ ಅಂಚು ಸವರಿದಳು. “ನಿನಗೆ?”

“ಹೂಂ ಅತ್ತೆ.”

“ಏನಂದೆ ಅವರಿಗೆ? ಯೋಗ್ಯಳು ಅಂದ್ಯಾ?”

“ಫಿನ್ಲೇ ಹಿರಿಯರು ಅದನ್ನೇ ಕೇಳಿದ್ರು. ಅಲ್ಲ ಅಂದೆ. ಮತ್ತೆ ಯಾಕಮ್ಮ ಬಂದೆ ಅಂದ್ರು. ಯೋಗ್ಯರಿಗೋಸ್ಕರ ಕರ್ತ ಸತ್ತಿದ್ರೆ ನಾನು ಈ ಬಾಗಿಲಿಗೇ ಬರ್ತಿರಲಿಲ್ಲ ಅಂದೆ. ಆಮೇಲೆ ಕೊಟ್ರು.”

“ನಾಚಿಕೆ ಆಗಲ್ವೇನೇ ನಿನಗೆ! ನಾನು... ನಾನೇ ಕಾಲಿಡದ ಜಾಗಕ್ಕೆ ನೀನು ಹೋಗ್ತೀಯಾ? ಅಪ್ಪ ಯಾರು ಅಂತ ಗೊತ್ತಿಲ್ಲದೋಳು! ನಾಳೆ ಊರೆಲ್ಲ ನನ್ನ ನೋಡಿ ನಗಬೇಕಾ?”

“ನಿಮ್ಮನ್ನ ನೋಡಿ ಯಾಕೆ ನಗ್ತಾರೆ ಅತ್ತೆ?”

ಮುದುಕಿ ಬಟ್ಟಲನ್ನು ತಳ್ಳಿದಳು. ಗಂಜಿ ನೆಲದ ಪಾಲಾಯಿತು.

“ಕೇಳು! ಎಲ್ಲರ ಮುಂದೇನೇ ಹೇಳ್ತಿದೀನಿ. ನಾಳೆ ನೀನು ಆ ಮೇಜಿಗೆ ಹೋದ್ರೆ, ನಾನು ಸಾಯೋ ತನಕ ನಿನ್ನ ಕೈಯಿಂದ ಒಂದು ತುತ್ತು ಮುಟ್ಟಲ್ಲ. ಒಂದು ಗುಟುಕು ನೀರೂ ಮುಟ್ಟಲ್ಲ!”

ಬಾಗಿಲಲ್ಲಿ ನಿಂತಿದ್ದ ಟಾರ್ಕ್ವಿಲ್ ಹೆಂಡತಿಯ ಮುಖ ನೋಡಿದ, ಅಮ್ಮನ ಮುಖ ನೋಡಿದ, ಮಗ್ಗದ ಕೊಟ್ಟಿಗೆಯ ಕಡೆ ಹೊರಟುಹೋದ. ಅವನು ಯಾವತ್ತೂ ಮಾಡುತ್ತಿದ್ದದ್ದೇ ಅದು. ಡೊಲಿನಾ ಬಗ್ಗಿ ಗಂಜಿ ಒರೆಸಿದಳು.

ಮಾರನೆಯ ದಿನ ಬೋಧಕರು ಪೀಠದಿಂದ ಯಾರು ಯಾರು ಮೇಜಿಗೆ ಬರಬಾರದೆಂದು ಒಂದೊಂದಾಗಿ ಎಣಿಸಿ ಹೇಳಿದರು. ಹಗೆ ಸಾಧಿಸುವವರು, ಚಾಡಿ ಹೇಳುವವರು, ತಂದೆತಾಯಿಗೆ ಎದುರಾಡುವವರು... ಡೊಲಿನಾಳಿಗೆ ಪ್ರತಿ ಮಾತೂ ತನ್ನನ್ನೇ ಬೊಟ್ಟು ಮಾಡಿದಂತೆ ಕೇಳಿಸಿತು. ಆಮೇಲೆ ನಿಧಾನವಾದ ಕೀರ್ತನೆ ಶುರುವಾಯಿತು. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನತ್ತ ಒಬ್ಬೊಬ್ಬರೇ ಹೊರಟರು, ಎಲ್ಲ ನರೆತ ತಲೆಗಳು. ಡೊಲಿನಾ ಎದ್ದಳು. ಕಾಲು ಗಡಗಡ ನಡುಗುತ್ತಿತ್ತು. ಹಿಂದಿನ ಬೆಂಚಿನಿಂದ ಗುಸುಗುಸು ಕೇಳಿತು. ನೂರು ಜೊತೆ ಕಣ್ಣು ಬೆನ್ನಿಗೆ ಅಂಟಿಕೊಂಡವು. ಫಿನ್ಲೇ ಹಿರಿಯರ ಕೈಗೆ ಬಿಲ್ಲೆ ಇಟ್ಟಳು. ಅವರು ಯಾರ ಮಗಳೆಂದು ಕೇಳಲಿಲ್ಲ. ಪಕ್ಕದವರು ರೊಟ್ಟಿ ಮುರಿದು ಅವಳ ಕೈಗೆ ದಾಟಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಗಿಯುತ್ತಿದ್ದಾಗ ಒಂದು ಮಾತು ಮಾತ್ರ ಮನಸ್ಸಿಗೆ ಬಂತು: ಇದನ್ನು ನಾನು ದುಡಿದು ಪಡೆದದ್ದಲ್ಲ, ಹಾಗಾಗಿ ಇದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಯಾರ ಮುಖವನ್ನೂ ನೋಡದೆ ಅತ್ತಳು.

ಸಂಜೆ ಗಂಜಿ ಹಿಡಿದು ಹೋದರೆ ಮರ್ಡೀನಾ ತುಟಿ ಬಿಗಿದುಕೊಂಡಳು. ಆಡಿದ ಮಾತು ಆಡಿದ್ದೇ!

ಅಂದಿನಿಂದ ಟಾರ್ಕ್ವಿಲ್ ಮಗ್ಗ ಬಿಟ್ಟು ಬಂದು ತಿನ್ನಿಸುತ್ತಿದ್ದ, ಇಲ್ಲವೇ ಪಕ್ಕದ ಮನೆಯ ಕರ್ಸ್ಟಿ ಬರುತ್ತಿದ್ದಳು. ಗಂಡಸಿನ ಕೈ, ಅರ್ಧ ಗಂಜಿ ಗದ್ದಕ್ಕೇ ಹೋಗುತ್ತಿತ್ತು. ಮುದುಕಿ ಸೊರಗಿದಳು. ಬಾವಿಯ ಹತ್ತಿರ ಹೆಂಗಸರು ಡೊಲಿನಾಳಿಗೆ ಕೇಳುವ ಹಾಗೇ ಆಡಿಕೊಂಡರು: “ಮೇಲಿನವನ ಮನೆಗೆ ಊಟಕ್ಕೆ ಹೋದೋಳು, ಮನೆಯೋರನ್ನ ಉಪವಾಸ ಕೆಡವಿದ್ಲು ನೋಡಿ!” ಅವಳು ಬಿಂದಿಗೆ ತುಂಬಿಕೊಂಡು ಮನೆಗೆ ಬರುತ್ತಿದ್ದಳು. ನೋವಾಗುತ್ತಿರಲಿಲ್ಲವೇ? ಆಗದೆ ಏನು! ಆದರೆ ಮೊದಲಿನಂತೆ, ಹೌದು ನಾನು ಅಷ್ಟಕ್ಕೇ ಲಾಯಕ್ಕು ಎಂದು ಅನ್ನಿಸುತ್ತಿರಲಿಲ್ಲ.

ಡಿಸೆಂಬರಿನ ಒಂದು ಬೆಳಗ್ಗೆ ಟಾರ್ಕ್ವಿಲ್ ಅವಳನ್ನು ಮಗ್ಗದ ಕೊಟ್ಟಿಗೆಗೆ ಕರೆದ.

“ಒಂದು ಮಾತು ಹೇಳಿಬಿಡೇ ಡೊಲಿನಾ. ತಪ್ಪಾಯ್ತು, ಇನ್ಮೇಲೆ ಆ ಮೇಜಿಗೆ ಹೋಗಲ್ಲ ಅಂತ. ಅಷ್ಟೇ. ಅಮ್ಮ ಬಾಯಿ ತೆಗೀತಾಳೆ.”

“ಅದೊಂದು ಬಿಟ್ಟು ಏನಾದ್ರೂ ಕೇಳು.”

“ಹದಿನೆಂಟು ವರ್ಷದಲ್ಲಿ ನಾನು ನಿನ್ನ ಏನಾದ್ರೂ ಕೇಳಿದೀನಾ?”

“ಇಲ್ಲ ಟಾರ್ಕ್ವಿಲ್. ನೋವಾಯ್ತಾ ಅಂತಾನೂ ಕೇಳಿಲ್ಲ.”

“ಸೊಕ್ಕು ಕಣೇ ನಿನಗೆ!”

“ಸೊಕ್ಕಲ್ಲ... ನಿಮ್ಮಮ್ಮ ನನ್ನ ಸೊಸೆ ಅನ್ಲಿ ಅಂತ ಇಷ್ಟು ವರ್ಷ ಕಾದೆ. ನೀನು ಅವರ ಮುಂದೆ ಇವಳು ನನ್ನ ಹೆಂಡ್ತಿ ಅಂತೀಯ ಅಂತ ಕಾದೆ. ಯಾರೂ ಅನ್ಲಿಲ್ಲ. ಕರ್ತ ಒಬ್ಬ ಮಾತ್ರ ನಾನು ಕೇಳೋಕೆ ಮುಂಚೇನೇ ನನ್ನವಳು ಅಂದ. ಅವನು ಯಾರೋ ಗೊತ್ತಿಲ್ಲ ಅಂತ ಹೇಗೆ ಹೇಳ್ಲಿ?”

ಟಾರ್ಕ್ವಿಲ್ ಮಗ್ಗ ತುಳಿಯತೊಡಗಿದ. ಆ ಸದ್ದಿನಲ್ಲಿ ಮಾತು ನಡೆಯುವಂತಿರಲಿಲ್ಲ. ಅಂದಿನಿಂದ ಅವನ ಹಾಸಿಗೆಯೂ ಕೊಟ್ಟಿಗೆಗೆ ಹೋಯಿತು.

ಫೆಬ್ರವರಿಯಲ್ಲಿ ಮರ್ಡೀನಾಳ ಎದೆಗೆ ಶೀತ ಇಳಿಯಿತು. ಟಾರ್ಕ್ವಿಲ್ ಡಾಕ್ಟರನ್ನು ಕರೆಯಲು ಪೇಟೆಗೆ ಹೋಗಿದ್ದ. ಕರ್ಸ್ಟಿ ಹಾಲು ಕರೆಯಲು ಎದ್ದುಹೋಗಿದ್ದಳು.

“ನೀರು...” ಎಂದಳು ಮುದುಕಿ. ಬಟ್ಟಲು ತುಟಿಯ ಹತ್ತಿರ ಬಂತು. “ಯಾರದು? ಕರ್ಸ್ಟಿ ಏನೇ?”

ಹೂಂ ಎಂದರೆ ಸಾಕಿತ್ತು. ಜ್ವರದ ಮಂಪರಿನಲ್ಲಿ ಕುರುಡಿ ಕುಡಿದುಬಿಡುತ್ತಿದ್ದಳು. ಆದರೆ ಸಾಯುವವಳಿಗೆ ಮೋಸ ಮಾಡಿ ಕುಡಿಸಲು ಡೊಲಿನಾಳಿಗೆ ಮನಸ್ಸಾಗಲಿಲ್ಲ.

“ನಾನು ಅತ್ತೆ. ಡೊಲಿನಾ. ಕುಡೀರಿ ಅತ್ತೆ, ದಮ್ಮಯ್ಯ...”

ತುಟಿ ಮುಚ್ಚಿತು. ಆಮೇಲೆ ಮುದುಕಿ ಪಿಸುಗುಟ್ಟಿದಳು:

“ಅವತ್ತು ನೀನು ಹೋದಾಗ... ಕಾಲು ನಡುಗಲಿಲ್ವಾ?”

“ನಡುಗ್ತು.”

“ಮತ್ತೆ?”

“ನಡುಗ್ತಾನೇ ಹೋದೆ ಅತ್ತೆ.”

“ಅಯ್ಯೋ... ಐವತ್ತೊಂದು ವರ್ಷ... ನಡುಕ ನಿಲ್ಲಲಿ, ಆಮೇಲೆ ಹೋಗೋಣ ಅಂತ ಕಾದೆನಲ್ಲೇ...” ಕಾಣದ ಕಣ್ಣುಗಳಿಂದ ನೀರು ಇಳಿಯಿತು.

“ಅದು ನಿಲ್ಲೋದಲ್ಲ ಅತ್ತೆ! ಈಗಲೂ ತಡವಾಗಿಲ್ಲ. ಅವನು ನಿಮ್ಮನ್ನ ಬೇಡ ಅನ್ನಲ್ಲ, ಒಂದು ಸಲ ಕರೀರಿ...”

“ಸಾಕು!” ಇದ್ದಬದ್ದ ಉಸಿರನ್ನೆಲ್ಲ ಮುದುಕಿ ಆ ಒಂದು ಮಾತಿಗೆ ಹಾಕಿದಳು. “ಪೆಗಿಯ ಹುಡುಗಿ ನನಗೆ ಬುದ್ಧಿ ಹೇಳೋ ಹಾಗಾಯ್ತಾ! ತೆಗಿ ಆ ನೀರು...”

ಮುಖ ಗೋಡೆಗೆ ತಿರುಗಿತು. ಡೊಲಿನಾ ಬಟ್ಟಲು ಹಿಡಿದುಕೊಂಡೇ ಅಳುತ್ತ ಕೂತಳು. ಕರ್ಸ್ಟಿ ಒಳಗೆ ಬಂದು ಕುಡಿಸುವಷ್ಟು ಹೊತ್ತೂ ಮರ್ಡೀನಾ ಉಳಿಯಲಿಲ್ಲ. ಹಾಲಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕರ್ಸ್ಟಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಊರಿಗೆ ಹೇಳಿದ್ದು ಮಾತ್ರ ಕೊನೆಯ ಮಾತನ್ನಷ್ಟೇ. ಉಳಿದದ್ದನ್ನು ಅವಳು ಹೊರಗೆ ಹಾಕಿದ್ದು ಎಷ್ಟೋ ವರ್ಷಗಳ ಮೇಲೆ.

ಮಣ್ಣಿಗೆ ಹೋಗುವವರು ಗಂಡಸರು ಮಾತ್ರ, ನಮ್ಮಲ್ಲಿ. ಅವರು ಶವಪೆಟ್ಟಿಗೆ ಹೊತ್ತು ದಾರಿಯುದ್ದಕ್ಕೂ ಹೆಗಲು ಬದಲಿಸುತ್ತ ಸಮುದ್ರದ ಕಡೆಗೆ ಹೋದರು. ಟಾರ್ಕ್ವಿಲ್ ಹೆಂಡತಿಯತ್ತ ತಿರುಗಿಯೂ ನೋಡಲಿಲ್ಲ. ಮನೆಯಲ್ಲಿ ಎಂಟು ಜನ ಹೆಂಗಸರು ಉಳಿದರು. ಡೊಲಿನಾ ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟಳು, ಓಟ್ಸ್ ರೊಟ್ಟಿ ಇಟ್ಟಳು. ಅತ್ತೆಯೇ ನೀರು ಬೇಡವೆಂದ ಕೈ! ಯಾರೂ ಮುಟ್ಟಲಿಲ್ಲ. ಒಬ್ಬರನ್ನೊಬ್ಬರು ನೋಡಿಕೊಂಡರು, ಶಾಲು ಎಳೆದುಕೊಂಡರು.

ಹಿಂದಿನ ಡೊಲಿನಾ ಆಗಿದ್ದರೆ, ಏನು ತಪ್ಪಾಯಿತೋ, ಸಕ್ಕರೆ ಸಾಲದೇನೋ ಎಂದು ಎಲ್ಲರ ಕಾಲು ಹಿಡಿಯುತ್ತಿದ್ದಳು. ಇವತ್ತು ತನಗೂ ಒಂದು ಬಟ್ಟಲು ಬಗ್ಗಿಸಿಕೊಂಡಳು. ನಮ್ಮೆಲ್ಲರ ಎದುರಿಗೇ ಕೂತಳು. ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿದ್ದರೂ ನಿಧಾನವಾಗಿ ರೊಟ್ಟಿ ಮುರಿದು ತಿಂದಳು, ಚಹಾ ಕುಡಿದಳು.

ಆ ಎಂಟು ಜನರಲ್ಲಿ ನಾನೂ ಒಬ್ಬಳು. ನನಗೆ ಬಾಯಾರಿತ್ತು. ಆದರೂ ಪಕ್ಕದವರ ಮುಖ ನೋಡಿಕೊಂಡು ಸುಮ್ಮನೆ ಕೂತೆ, ನನ್ನ ಬಟ್ಟಲು ಅಲ್ಲೇ ಆರಿಹೋಯಿತು.