ಗೋಪನಕೊಪ್ಪದ ಗುಂಡಿಯಲ್ಲಿ ನಾಲ್ಕು ಎಳೆ

2025ರ ನವೆಂಬರ್ 11, ಮಂಗಳವಾರ. ಬೆಳಿಗ್ಗೆ 11-40ಕ್ಕೆ ದೂರು ಠಾಣೆಗೆ ಬಂತು. ತಂದವನು ಶ್ರೀರಂಗ ದೇಸಾಯಿ, ಮಲಪ್ರಭಾ ಫೈಬರ್ ಎಂಬ ಕಂಪನಿಯ ಹುಬ್ಬಳ್ಳಿ ಮ್ಯಾನೇಜರ್. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಎರಡು ಫೋನು.

ಇನ್ಸ್‌ಪೆಕ್ಟರ್ ಶಂಭುಲಿಂಗ ಕುಬಿಹಾಳ ಕುರ್ಚಿಯಲ್ಲಿ ಕೂತು ದೂರು ಕೇಳುವ ಆಸಾಮಿಯಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಲೇ ಕೇಳಿದರು.

"ಏನ ಕಳುವಾಗೇತ್ರಿ?"

"ಕಳುವಲ್ಲ ಸರ್. ಗೋಪನಕೊಪ್ಪ ರಸ್ತಾದ ನಮ್ಮ ಚೇಂಬರ್ ಗುಂಡ್ಯಾಗ ಫೈಬರ್ ಎಳಿ ಕತ್ತರಿಸ್ಯಾರ. ಹೃದಯದ ಆಸ್ಪತ್ರಿ ಲೈನ್ ಅದು. 9-15ಕ್ಕ ಹೋತು. ಖಾಲಿ ಇದ್ದ ಬ್ಯಾರೆ ಎಳಿಗೆ ಹಾಕಿ 10-50ಕ್ಕ ಚಾಲೂ ಮಾಡೇವಿ. ಕತ್ತರಿಸಿದ್ದು ಹಂಗ ಬಿಟ್ಟೇವಿ."

"ಇದ ಮೊದಲನೇ ಸಲಾನೋ?"

ದೇಸಾಯಿ ಫೋನು ನೋಡಿಕೊಂಡ. "ಅಕ್ಟೋಬರ್ 28ಕ್ಕ ಒಮ್ಮೆ ಆಗಿತ್ತು. ಇಲಿ ಕಡದದ ಅಂದ್ಕೊಂಡ್ವಿ."

"ಅವತ್ತ ಯಾಕ ದೂರ ಕೊಡಲಿಲ್ಲ?"

"ಇಲಿ ಮ್ಯಾಲ ಏನಂತ ಕೊಡೂದು ಸರ್?"

ಬಾಗಿಲಲ್ಲಿ ನಿಂತಿದ್ದ ಕಾನ್‌ಸ್ಟೆಬಲ್ ಹನುಮೇಶ ನಗಲು ಹೋಗಿ ಸಾಹೇಬರ ಮುಖ ನೋಡಿ ನುಂಗಿಕೊಂಡ.

ಆ ಹೊತ್ತಿಗೇ ಆಸ್ಪತ್ರೆಯಿಂದ ಫೋನು. ಡಾಕ್ಟರ್ ಸುಹಾಸಿನಿಯವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಕಲಘಟಗಿ ಕಡೆಯ ಐದು ಹಳ್ಳಿ ದವಾಖಾನೆಗಳಿಂದ ಎದೆನೋವಿನವರ ಇಸಿಜಿ ಈ ಲೈನಿನ ಮೇಲೆ ಅವರ ಮುಂದಿನ ಪರದೆಗೆ ಬರುತ್ತದೆ. ನೋಡಿ ಯಾವ ಇಂಜೆಕ್ಷನ್ ಎಂದು ಅವರು ಹೇಳಿದ ಮೇಲೆಯೇ ಅಲ್ಲಿನ ನರ್ಸ್ ಕೊಡುವುದು. ಆ ದವಾಖಾನೆಗಳ ಫೋನೂ ಇದೇ ಲೈನಿನದು; ಆ ಗುಡ್ಡಗಳ ನಡುವೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

"ಇವತ್ತ 9-40ಕ್ಕ ರೆಹಮತ್‌ಬಿ ಅಂತ ಅರವತ್ತಾರು ವರ್ಷದಾಕಿ ಹಳ್ಳಿ ದವಾಖಾನಿಗೆ ಬಂದಾಳ್ರಿ. ಇಸಿಜಿ ಬರಲೇ ಇಲ್ಲ. ಟೆಂಪೋದಾಗ ಹಾಕ್ಕೊಂಡು ಒಂದು ತಾಸು ಕಳದು ತಂದ್ರು. ಐಸಿಯುದಾಗ ಇದ್ದಾಳ, ಉಳೀಬಹುದು. ಮುಂದಿನ ಸಲ ಕತ್ತರಿಸಿದಾಗ ಯಾರು ಉಳೀತಾರ, ಯಾರು ಇಲ್ಲ, ನಾ ಹೇಳಲಿಕ್ಕೆ ಆಗೂದಿಲ್ಲ."

ಶಂಭುಲಿಂಗ ಫೋನಿಟ್ಟರು. ಮುಂದಿನ ಸಲ ಎಂದರೆ ನಾಳೆಯೋ, ನಾಡಿದ್ದೋ? ಕತ್ತರಿಸಿದವನಿಗೆ ಮಾತ್ರ ಗೊತ್ತು. 12-20ಕ್ಕೆ ದೂರಸಂಪರ್ಕ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಅದರ ಮಸಿ ಆರುವ ಮೊದಲೇ ಜೀಪು ಹೊರಟಿತ್ತು.

ಮಧ್ಯಾಹ್ನ 1-10, ಸ್ಥಳ ಪಂಚನಾಮೆ. ಪಕ್ಕದ ಹಿಟ್ಟಿನ ಗಿರಣಿಯವನನ್ನೂ ಎದುರಿನ ಬೇಕರಿಯವನನ್ನೂ ಪಂಚರಾಗಿ ಕರೆದರು. ರಸ್ತೆಯಂಚಿನ ಸಿಮೆಂಟಿನ ಗುಂಡಿ, ಎದೆಯಾಳ. ತಳದಲ್ಲಿ ಗೇಣು ನೀರು. ಗೋಡೆಗೆ ಕೇಬಲಿನ ಸುರುಳಿ, ಅದರ ಪಕ್ಕ ಎಳೆಗಳನ್ನು ಜೋಡಿಸಿಟ್ಟ ಕಪ್ಪು ಡಬ್ಬಿ. ಬೆಳಿಗ್ಗೆ ಅದನ್ನು ಮೊದಲು ತೆರೆದು ನೋಡಿದವನು ಕಂಪನಿಯಲ್ಲಿ ಎಳೆ ಬೆಸೆಯುವ ಜಾಯಿಂಟರ್ ಮುಜಾಫರ. ಮೂವತ್ತರ ಆಳು, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಜುಗ್ಗ.

ಶಂಭುಲಿಂಗ ಬೂಟು ಬಿಚ್ಚಿ ಇಳಿಯಲು ಹೊರಟರು. ಮುಜಾಫರ ಅವರ ರಟ್ಟೆ ಹಿಡಿದೇಬಿಟ್ಟ.

"ಬರಿಗಾಲಲೆ ಬ್ಯಾಡ್ರಿ ಸಾಹೇಬ್ರ! ಫೈಬರ್ ಅಂದ್ರ ಗಾಜ್ರೀ. ಕತ್ತರಿಸಿದಾಗ ಕೂದಲಿನಂಥ ಚೂರು ಬೀಳತಾವು. ಕಾಲಾಗ ಹೊಕ್ಕರ ಎಕ್ಸ್‌ರೇದಾಗೂ ಕಾಣೂದಿಲ್ಲ."

"ಮತ್ತ ನೀನ ಇಳದು ಆರಸು."

ಮುಜಾಫರ ಇಳಿದು ಟಾರ್ಚು ಹಚ್ಚಿದ. ಡಬ್ಬಿಯ ಕೆಳಗೆ, ಗುಂಡಿಯ ಕಟ್ಟೆಯ ಮೇಲೆ, ಸುರುಳಿಯ ಸಂದಿಯಲ್ಲಿ ನೋಡಿದ. ಆಮೇಲೆ ಟಾರ್ಚು ಆರಿಸಿ ಮುಖ ಮೇಲೆತ್ತಿದ.

"ಏನಾತೋ?"

"ಚೂರು ಇಲ್ರಿ."

"ಇಲ್ಲಂದ್ರ ಛಲೋ ಆತಲ್ಲ, ಮಾರಿ ಯಾಕ ಹಂಗ ಮಾಡ್ತಿ?"

"ನಾಲ್ಕು ಎಳಿ ಕತ್ತರಿಸಿದ್ರ ಚೂರು ಬೀಳಬೇಕ್ರಿ. ಆರಿಸಿ ಒಯ್ದಾರ. ಸ್ಕ್ರೂ ತಿರಗಾ ಹಾಕ್ಯಾರ. ಮತ್ತ ಜೋಡಸವ್ರಿಗೆ ತ್ರಾಸ ಆಗಬಾರದಂತ ಎಳಿ ಉದ್ದ ಬಿಟ್ಟು ಸುತ್ತಿಟ್ಟಾರ."

ಇಷ್ಟು ಮರ್ಯಾದೆಯಿಂದ ಹಾಳು ಮಾಡುವ ಕೇಡಿಯನ್ನು ಶಂಭುಲಿಂಗ ತಮ್ಮ ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಕಳ್ಳನಾಗಿದ್ದರೆ ಕೊಡಲಿಯಲ್ಲಿ ಇಡೀ ಕೇಬಲ್ ಕಡಿದು ಓಡುತ್ತಿದ್ದ. ಇವನು ಜಾಯಿಂಟರ್. ಕೈಗೆ ಹತ್ತಿದ ಶಿಸ್ತನ್ನು ಅಪರಾಧ ಮಾಡುವಾಗಲೂ ಬಿಡಲಾಗದ ಜಾಯಿಂಟರ್.

"ಇಪ್ಪತ್ನಾಲ್ಕ ಎಳಿಯೊಳಗ ನಾಲ್ಕ ಯಾಕ?"

"ಅವು ಆಸ್ಪತ್ರಿವರೀ. ನೀಲಿ, ಕೇಸರಿ ಚಾಲೂ ಲೈನ್. ಹಸರು, ಕಂದು ಸ್ಟ್ಯಾಂಡ್‌ಬೈ. ಮೊದಲಿಂದು ಹೋದ್ರ ಎರಡನೇದು ತಾನ ಹಿಡಕೋಬೇಕು."

ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಸೌಮ್ಯಾ ಪೆನ್ನು ಎತ್ತಿದಳು. "ಸ್ಟ್ಯಾಂಡ್‌ಬೈ ಕೇಶ್ವಾಪುರದ ಕಡೆಯಿಂದ ಬ್ಯಾರೆ ರಸ್ತಾದಾಗ ಐತಿ ಅಂತ ದೇಸಾಯಿಯವರ ಹೇಳಿಕಿ ಐತಲ್ರಿ ಸರ್. ಮತ್ತ ಇಲ್ಲಿ ಹೆಂಗ ಬಂತು?"

ಎಲ್ಲರೂ ಮುಜಾಫರನ ಕಡೆ ನೋಡಿದರು. ಮುಜಾಫರ ಗುಂಡಿಯ ನೀರು ನೋಡಿದ.

"ನನಗ ಹೊಟ್ಟಿಪಾಡು ಐತ್ರಿ, ಅಕ್ಕಾರ," ಎಂದ. ಕತ್ತರಿಸಿದ ಎಳೆಗಳನ್ನು ಬಣ್ಣದ ಸಮೇತ ದಾಖಲಿಸಿ, ಫೋಟೋ ತೆಗೆದು, ಪಂಚರ ಸಹಿ ಹಾಕಿಸಿದರು.

ಮಧ್ಯಾಹ್ನ 3-30ಕ್ಕೆ ಶಂಭುಲಿಂಗ ಕಂಪನಿಯ ಆಫೀಸಿನಲ್ಲಿದ್ದರು. ಕಾಫಿ ಬಂತು, ಮುಟ್ಟಲಿಲ್ಲ.

"ಫೈಬರ್ ಎಲ್ಲಿ ತುಂಡಾಗೇತಿ ಅಂತ ನಿಮಗ ಹೆಂಗ ಗೊತ್ತಾತು?"

"ಮಷಿನ್ ಅದರೀ. ಬೆಳಕು ಬಿಡ್ತದ, ತುಂಡಾದ ಜಾಗಾದಿಂದ ಬೆಳಕು ತಿರುಗಿ ಬರ್ತದ. ಎಷ್ಟು ಮೀಟರ್ ಅಂತ ತೋರಸ್ತದ."

"ಚಾಲೂ ಲೈನಿಂದು ಕಾಗದ ಕೊಡ್ರಿ."

ಕೊಟ್ಟ. 2,312 ಮೀಟರ್.

"ಸ್ಟ್ಯಾಂಡ್‌ಬೈದು?"

"ಅದು... ತಗೀಲಿಲ್ಲರಿ."

ಶಂಭುಲಿಂಗ ಮೇಜಿಗೆ ಅಂಗೈ ಬಡಿದ ಸದ್ದಿಗೆ ಹೊರಗಿನ ಹುಡುಗಿಯರು ತಲೆ ಎತ್ತಿದರು. "ದೇಸಾಯರ, ನಾ ಕನ್ನಡ ಸಾಲಿ ಕಲತಾವ. ಆದ್ರ ಎರಡ ಅಂಕಿ ಹೊಂದಸಾಕ ಬರತೈತಿ ನನಗ. ತಗೀರಿ ಅದನ್ನ."

ಎರಡನೆಯ ಕಾಗದ ಬಂತು. 2,312 ಮೀಟರ್. ಬೇರೆ ರಸ್ತೆಯಲ್ಲಿ ಇರಬೇಕಾದ ಲೈನು ಅದೇ ಗುಂಡಿಯಲ್ಲಿ, ಅದೇ ಮೀಟರಿನಲ್ಲಿ ತುಂಡಾಗಿತ್ತು. ಕಾಲು ಗಂಟೆಯಲ್ಲಿ ದೇಸಾಯಿ ಒಪ್ಪಿಕೊಂಡ. ಎರಡನೆಯ ರಸ್ತೆ ಅಗೆಯಲು ಪರವಾನಗಿ ಸಿಕ್ಕಿರಲಿಲ್ಲ. ಅಗೆದಿದ್ದೇವೆಂದು ಆಸ್ಪತ್ರೆಗೆ ಬರೆದುಕೊಟ್ಟು, ಎರಡನ್ನೂ ಒಂದೇ ಕೇಬಲಿನಲ್ಲಿ ಹಾಕಿದ್ದರು.

"ಹಿಂದ ಯಾವಾಗರ ಎರಡೂ ಕೂಡೇ ಹೋಗಿದ್ವೇನು?"

ದೇಸಾಯಿ ಫೈಲು ತೆಗೆದುಕೊಟ್ಟ. ಆಗಸ್ಟ್ 19. ಒಳಚರಂಡಿ ಅಗೆಯುವ ಜೆಸಿಬಿ ಕೇಬಲ್ ಹರಿದಿತ್ತು. ಐದು ತಾಸು ಲೈನಿಲ್ಲ. ವೆಂಕಣ್ಣ ಎಂಬ ನಲವತ್ತೆಂಟರ ಬಸ್ ಕಂಡಕ್ಟರ್ ಹಳ್ಳಿ ದವಾಖಾನೆಯ ಬೆಂಚಿನ ಮೇಲೆಯೇ ಸತ್ತ. ಸ್ಟ್ಯಾಂಡ್‌ಬೈ ಯಾಕೆ ಹಿಡಿಯಲಿಲ್ಲ ಎಂದು ಆಸ್ಪತ್ರೆ ಕೇಳಿದ್ದಕ್ಕೆ ಕಂಪನಿಯ ಉತ್ತರ ಒಂದೇ ಸಾಲು: ಕೇಶ್ವಾಪುರ ಮಾರ್ಗದಲ್ಲಿ ಜಾಯಿಂಟರ್ ಶಾಂತಯ್ಯ ಹಿರೇಮಠ ಮಾಡಿದ ಜೋಡಣೆ ದೋಷದಿಂದ, ಸದರಿಯವರನ್ನು ಕೆಲಸದಿಂದ ತೆಗೆಯಲಾಗಿದೆ.

ಇಲ್ಲದ ರಸ್ತೆಯಲ್ಲಿ ಮಾಡದ ಜೋಡಣೆ. ಅದರ ಮೇಲೊಂದು ಹೆಣ.

ಹೆಸರು ಸಿಕ್ಕಿತ್ತು, ಪುರಾವೆಯಾಗಲಿ ಈಗಿನ ವಿಳಾಸವಾಗಲಿ ಇರಲಿಲ್ಲ. ಗಾಜಿನ ಚೂರು ಆರಿಸುವ ಜಾಯಿಂಟರುಗಳು ಎಷ್ಟು ಮಂದಿ ಎಂದು ಮುಜಾಫರನನ್ನು ಠಾಣೆಗೆ ಕರೆಸಿ ಕೇಳಿದರು. "ಹನ್ನೊಂದ ಮಂದಿರೀ. ಉಸ್ತಾದರ ಕೈಯಾಗ ಕಲತವ್ರು ಎಲ್ಲಾರೂ ಚೂರಿಗಂತ ಬಾಟ್ಲಿ ಇಟಗೋತೀವಿ." ಉಸ್ತಾದ ಯಾರು? ಮುಜಾಫರ ಕಣ್ಣೊರೆಸಿಕೊಂಡ. ಹೆಸರು ಹೇಳಲಿಲ್ಲ.

ರಾತ್ರಿಯಿಡೀ ಗುಂಡಿಯ ಬಳಿ ಹನುಮೇಶನನ್ನು ಕಾವಲಿಗೆ ಕೂರಿಸಿದರು. ಆದರೆ ಅಂಥ ಗುಂಡಿಗಳು ಆ ಲೈನಿಗೆ ಮೂವತ್ತಿವೆ. ಶಂಭುಲಿಂಗರ ಊಟ ತಟ್ಟೆಯಲ್ಲೇ ಆರಿತು. ಫೋನು ಬಂದಾಗಲೆಲ್ಲ ಮೊದಲ ರಿಂಗಿಗೇ ಎತ್ತಿದರು.

ಬುಧವಾರ ಮಧ್ಯಾಹ್ನ 2 ಗಂಟೆಗೆ ದಾರಿ ತೆರೆದವಳು ಸೌಮ್ಯಾ. ಆಸ್ಪತ್ರೆಯ ಸ್ವಾಗತದ ಹುಡುಗಿ ಪ್ರಾಚಿಯನ್ನು ವಿಚಾರಿಸಿ ಬಂದಿದ್ದಳು.

"ಸರ್, ಲೈನ್ ಹೋದ ಎರಡೂ ದಿನ ಮುಂಜಾನೆ ಎಂಟರ ಸುಮಾರಿಗೆ ಒಂದು ಫೋನ್ ಬಂದೈತ್ರಿ. ಒಂಬತ್ತೂಕಾಲಕ್ಕ ಲೈನ್ ಹೋಗತೈತಿ, ಹಳ್ಳಿ ದವಾಖಾನಿಗೆ ಹೇಳ್ರಿ, ಎದಿನೋವಿನವರು ಬಂದ್ರ ಕಾಯಬ್ಯಾಡ್ರಿ, ನೇರ ಹುಬ್ಬಳ್ಳಿಗೆ ಕಳಸ್ರಿ ಅಂತ. ಕಂಪನಿಯವ್ರ ರಿಪೇರಿಗೆ ಹೇಳಾಕತ್ತಾರಂತ ಪ್ರಾಚಿ ತಿಳಕೊಂಡಾಳ."

"ಆಕಿ ಹೇಳಿದ್ಲೇನು ಮತ್ತ?"

"ಐದೂ ಕಡೆ ಮಾಡ್ಯಾಳ್ರಿ. ನಿನ್ನೆ ನಾಲ್ಕು ಕಡೆ ಎತ್ತ್ಯಾರ. ಐದನೇ ದವಾಖಾನಿ ನರ್ಸ್ ಲಸಿಕಿ ಹಾಕಾಕ ಅಂಗನವಾಡಿಗೆ ಹೋಗಿ ಒಂಬತ್ತೂವರಿಗೆ ತಿರುಗಿ ಬಂದಾಳಂತ. ರೆಹಮತ್‌ಬಿ ಹೋಗಿದ್ದು ಅಲ್ಲಿಗೇ."

ಆ ಎರಡು ಕರೆಗಳ ನಂಬರು ಒಂದೇ. ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಚಹಾ ಅಂಗಡಿ ಇಟ್ಟ ಅಸ್ಫಾಕನದು. ಸಂಜೆ 4-10ಕ್ಕೆ ಜೀಪು ಅಲ್ಲಿ ನಿಂತಿತು.

"ನಾ ಯಾವ ದವಾಖಾನಿಗೂ ಫೋನ್ ಮಾಡಿಲ್ರಿ ಸಾಹೇಬ್ರ, ಗಟ್ಟಿಮುಟ್ಟ ಅದೇನಿ," ಎಂದ ಅಸ್ಫಾಕ.

"ನಿನ್ನ ಫೋನ್ ಯಾರಿಗೆ ಕೊಟ್ಟಿದ್ದಿ?"

"ಯಾರ್ಯಾರೋ ಕೇಳತಾರ... ಹಾಂ, ಅಯ್ನಾರಿಗೆ ಕೊಟ್ಟಿದ್ದೆ. ಅಲ್ಲೇ, ಮೋಟಾರ್ ವೈಂಡಿಂಗ್ ಶೆಡ್ಡಿನ್ಯಾಗ ಇರತಾರ. ಶಾಂತಯ್ಯನವರು. ಭಾಳ ಸಂಭಾವಿತರ್ರಿ ಅವರು!"

ಶೆಡ್ಡಿನಲ್ಲಿ ಶಾಂತಯ್ಯ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಐವತ್ತೆಂಟರ ವಯಸ್ಸು, ಹಣೆಯ ಮೇಲೆ ಮೂರೆಳೆ ವಿಭೂತಿ. ಖಾಕಿ ಕಂಡು ಸುತ್ತುತ್ತಿದ್ದ ಸಾಲು ಮುಗಿಸಿ, ತುದಿ ಗಂಟು ಹಾಕಿ ಎದ್ದರು.

"ಬರ್ರಿ ಸಾಹೇಬ್ರ. ಪಂಚನಾಮಾ ಆತೇನ್ರಿ?"

ಶಂಭುಲಿಂಗ ತಬ್ಬಿಬ್ಬಾದರು. ಇಷ್ಟು ವರ್ಷದಲ್ಲಿ ಯಾವ ಆರೋಪಿಯೂ ಅವರಿಗೆ ಮೊದಲು ಈ ಪ್ರಶ್ನೆ ಹಾಕಿರಲಿಲ್ಲ.

"ಆತು."

"ಎಳಿ ಬಣ್ಣ ಬರಕೊಂಡ್ರೇನ್ರಿ? ನಾಲ್ಕೂ ಒಂದ ಡಬ್ಬ್ಯಾಗ ಇದ್ವಂತ?"

"ಬರದೇವಿ. ಪಂಚರ ಸಹಿ ಆಗೇತಿ."

ಶಾಂತಯ್ಯ ಗೋಡೆಗೆ ಒರಗಿದರು. ಸಲಕರಣೆ ಚೀಲವನ್ನು ತಾವೇ ಮುಂದಿಟ್ಟರು. ಅದರಲ್ಲಿ ಎಳೆ ಕತ್ತರಿಸುವ ಸಾಧನ, ಒಂದು ಔಷಧಿ ಬಾಟಲಿ. ಬಾಟಲಿಯ ತಳದಲ್ಲಿ ಗಾಜಿನ ಚೂರು. ಸೌಮ್ಯಾ ಜಪ್ತಿ ಮಾಡಿಕೊಂಡಳು.

"ನೀವ ಕತ್ತರಿಸಿದ್ರೇನು?"

"ಹೌದ್ರಿ. ಎರಡೂ ಸಲ. ಮೊದಲನೇ ಸಲ ಅವರು ದೂರು ಕೊಡಲಿಲ್ಲ, ಮುಚ್ಚಿಬಿಟ್ರು. ಅದಕ್ಕ ಎರಡನೇ ಸಲ ಮಾಡಬೇಕಾತು."

"ಠಾಣೆಗೆ ಬಂದು ಬಾಯಲೆ ಹೇಳಾಕ ಏನಾಗಿತ್ತ ನಿಮಗ?"

"ಸೆಪ್ಟೆಂಬರದಾಗ ಎರಡು ಅರ್ಜಿ ಕೊಟ್ಟೇನ್ರಿ, ಒಂದು ಕಂಪನಿಗೆ, ಒಂದು ಆಸ್ಪತ್ರಿಗೆ. ಕೆಲಸಾ ಕಳಕೊಂಡಾವ ಸಿಟ್ಟಿಲೆ ಬರದಾನ ಅಂದ್ರು. ಗುಂಡಿ ಅವರದು, ಡಬ್ಬಿ ಅವರದು. ಸರಕಾರಿ ಮಂದಿ ಕಣ್ಣಾರೆ ನೋಡಿ ಬರಕೊಂಡ್ರಷ್ಟ ನಿಲ್ಲತೈತಿ ಅನಸ್ತು."

"ಹೋದ ನೌಕರಿ ಮ್ಯಾಲ ಇಷ್ಟು ಆಶಾ?"

ಶಾಂತಯ್ಯ ತಲೆಯಾಡಿಸಿದರು. "ನೌಕರಿ ಮಾತಲ್ರಿ. ಆ ಕಂಡಕ್ಟರ ವೆಂಕಣ್ಣನ ಮನಿಗೆ ಹೋಗಿದ್ದೆ. ಬೈತಾರ, ಹೊಡಿತಾರ ಅಂತ ತಯಾರಾಗಿ ಹೋದೆ. ಅವನ ಹೆಂಡತಿ ಬೆಲ್ಲ ನೀರು ಕೊಟ್ಲು. 'ಬೇಕಂತ ಮಾಡೀರೇನ್ರಿ, ಕೈ ತಪ್ಪೇತಿ, ಹೋಗ್ಲಿ ಬಿಡ್ರಿ' ಅಂದ್ಲು. ನನ್ನ ಕೈ ತಪ್ಪಿಲ್ಲ ಯವ್ವಾ ಅಂತ ಹೇಳಾಕ ಬಾಯಿ ಬರಲಿಲ್ಲ. ಆ ನೀರು ಇನ್ನೂ ಗಂಟಲದಾಗ ಐತ್ರಿ."

ಶಂಭುಲಿಂಗರಿಗೆ ಮರುಕವೂ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ನಿನ್ನೆ ಒಬ್ಬಾಕಿ ಮುದುಕಿ ಸಾಯಾಕ ಹತ್ತಿದ್ಲು, ಗೊತ್ತೈತೇನು ನಿಮಗ?"

"ನಾ ಫೋನ್ ಮಾಡಿ ಹೇಳಿದ್ನಲ್ರಿ..."

"ನಾಲ್ಕು ಕಡೆ ಮುಟ್ಟೇತಿ. ಐದನೇ ಕಡೆ ಫೋನ್ ಎತ್ತಾಕ ಯಾರೂ ಇರಲಿಲ್ಲ. ನಿಮ್ಮ ಸುದ್ದಿ ಅಲ್ಲಿ ಯಾರಿಗೂ ಹೋಗಿಲ್ಲ. ಆಕಿ ಬಂದದ್ದು ಅಲ್ಲಿಗೇ."

ಶಾಂತಯ್ಯ ತಂತಿಯ ಎಣ್ಣೆ ಹತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಒರೆಸಿದ ಮೇಲೂ ಒರೆಸುತ್ತಲೇ ಇದ್ದರು.

"ಅದಾಳೇನ್ರಿ?"

"ಅದಾಳ. ಇವತ್ತ ಗಂಜಿ ಕುಡದಾಳಂತ."

ಸಂಜೆ 5-10ಕ್ಕೆ ದಸ್ತಗಿರಿ. ಹೆಂಡತಿ ಮುರಿಗೆವ್ವನಿಗೆ ಫೋನಿನಲ್ಲಿ ತಿಳಿಸಲಾಯಿತು. ಸುಳ್ಳು ದಾಖಲೆ ಕೊಟ್ಟ ಕಂಪನಿಯ ಮೇಲೆ ಬೇರೆಯೇ ವರದಿ ತಯಾರಿಸಲು ಶಂಭುಲಿಂಗ ಸೌಮ್ಯಾಳಿಗೆ ಜೀಪಿನಲ್ಲೇ ಹೇಳಿದರು. ಶಾಂತಯ್ಯನವರ ಹೆಸರಿನ ಮೇಲಿದ್ದ ಸಾವು ಅದರಿಂದ ಅಳಿಯುತ್ತದೆ. ಕೇಳಿಸಿಕೊಂಡರೂ ಶಾಂತಯ್ಯನವರ ಮುಖದಲ್ಲಿ ಏನೂ ಅರಳಲಿಲ್ಲ.

ನವಲೂರು ದಾಟುವಾಗ ಮೆಲ್ಲಗೆ ಕೇಳಿದರು: "ಸಾಹೇಬ್ರ, ಜಾಮೀನು ಆದ ಮ್ಯಾಲ ಆ ರೆಹಮತ್‌ಬಿಯವರ ಮನಿಗೆ ಒಮ್ಮಿ ಹೋಗಿ ಬರಬಹುದೇನ್ರಿ? ಅಲ್ಲಿ ನನ್ನ ಕೈಲೆ ತಪ್ಪಾತು ಅಂದ್ರ ಅದು ಖರೇನ ಐತಿ."

"ಹೋಗಾಕ ಬರೂದಿಲ್ಲ," ಎಂದರು ಶಂಭುಲಿಂಗ, ಕಿಟಕಿಯಾಚೆ ನೋಡುತ್ತ. "ಆಕಿ ಸಾಕ್ಷಿ. ಕೇಸ್ ಮುಗಿಯೂತನಕ ಆಕಿ ಮನಿ ಹೊಸ್ತಿಲಾ ತುಳಿಯಾಕ ಕಾಯ್ದೆ ಬಿಡೂದಿಲ್ಲ."

"ಎಷ್ಟ ದಿನಾ ಹಿಡಿತೈತ್ರಿ ಕೇಸು?"

ಶಂಭುಲಿಂಗ ಜೋರು ಹೊಡಿ ಎಂದು ಡ್ರೈವರನಿಗೆ ಗದರಿದರು. ಮುದುಕಿಗೆ ಅರವತ್ತಾರು, ಹೃದಯ ಅರ್ಧ ಸೋತಿದೆ. ಕೋರ್ಟಿನ ತಾರೀಖುಗಳು ಎಷ್ಟು ದೂರ ಹೋಗುತ್ತವೆ ಎಂಬುದು ಜೀಪಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.